ಬೇಸಿಗೆ ಬಂದರೂ ಬಲಿಯದ ಕೊಂಬು: ಕಬಿನಿ ಕಾಡಂಚಿನ ಒಂದು ಗಂಡು ಜಿಂಕೆಯ ಪ್ರಕರಣ

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿಗೆ ಹೊಂದಿಕೊಂಡ ಕಾಡಂಚಿನಲ್ಲಿ ಕಾಣಿಸಿಕೊಂಡ ಒಂದು ಗಂಡು ಚುಕ್ಕೆ ಜಿಂಕೆಯ ಪ್ರಕರಣ ಇದು. ಊರು, ಅರಣ್ಯ ವಲಯ, ಇಸವಿ, ಇದರಲ್ಲಿ ಬರುವವರ ಹೆಸರು ಯಾವುದನ್ನೂ ಕೊಟ್ಟಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ಪಶುವೈದ್ಯ, ಅರಣ್ಯ ಇಲಾಖೆಯ ನೌಕರನಲ್ಲ, ಕರೆದಾಗ ಹೋಗಿ ನೋಡಿ ಅಭಿಪ್ರಾಯ ಹೇಳುವವನು. ವಿಚಿತ್ರ ಕೊಂಬಿನ ಪ್ರಾಣಿ ಕಣ್ಣಿಗೆ ಬಿದ್ದಾಗ ಎಲ್ಲರೂ ಅದರ ತಲೆಯನ್ನೇ ನೋಡುತ್ತಾರೆ, ತಲೆಯ ಫೋಟೋವನ್ನೇ ಕಳಿಸುತ್ತಾರೆ. ಉತ್ತರ ಸಾಮಾನ್ಯವಾಗಿ ಇರುವುದು ಪ್ರಾಣಿಯ ಹಿಂಭಾಗದಲ್ಲಿ. ಈ ಪ್ರಕರಣದಲ್ಲಿ ಅದು ಹೇಗೆ ಗೊತ್ತಾಯಿತು ಎಂಬುದನ್ನೇ ಕೆಳಗೆ ಬರೆದಿದ್ದೇನೆ.

ಹಿನ್ನೆಲೆ

ಕಬಿನಿಗೆ ಬೀಚನಹಳ್ಳಿಯ ಬಳಿ ಅಣೆಕಟ್ಟು ಕಟ್ಟಿ ಮುಗಿದದ್ದು 1974ರಲ್ಲಿ. ಅದರ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ನಡುವೆ ಹರಡಿ ನಿಂತಿದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಹೊರಬೀಳುವ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿ ನಿಂತಿರುವಾಗ ಆನೆ, ಕಾಟಿ, ಜಿಂಕೆ ಎಲ್ಲವೂ ಅಲ್ಲಿಗೆ ಇಳಿಯುತ್ತವೆ. ಜಿಂಕೆಗಳಂತೂ ದೊಡ್ಡ ದೊಡ್ಡ ಹಿಂಡಾಗಿ ಬಯಲಲ್ಲಿ ಕಾಣಸಿಗುತ್ತವೆ. ಸಫಾರಿಗೆ ಬಂದವರ ಕ್ಯಾಮೆರಾಕ್ಕೆ ಮೊದಲು ಸಿಗುವ ಪ್ರಾಣಿಯೇ ಅದು. ಇನ್ನೊಂದು ಬದಿಗೆ ಹತ್ತಿ, ರಾಗಿ, ಮುಸುಕಿನ ಜೋಳ, ಶುಂಠಿ, ಹುರುಳಿ ಬೆಳೆಯುವ ಹೊಲಗಳು. ಕಾಡಿಗೂ ಹೊಲಕ್ಕೂ ನಡುವೆ ಆನೆ ಕಂದಕ, ಸೋಲಾರ್ ಬೇಲಿ, ಕೆಲವೆಡೆ ರೈಲು ಕಂಬಿಯ ತಡೆ. ಅದರಾಚೆಗೆ ರೈತರು ತಮ್ಮ ಪಾಡಿಗೆ ಎಳೆದುಕೊಂಡ ಮುಳ್ಳುತಂತಿ. ಜಿಂಕೆಗೆ ಇವು ಯಾವುವೂ ಪೂರ್ತಿ ತಡೆಯಲ್ಲ; ರಾತ್ರಿ ಹೊಲಕ್ಕೆ ಬರುತ್ತದೆ, ಬೆಳಗಾಗುವ ಮುನ್ನ ನುಸುಳಿಯೋ ಹಾರಿಯೋ ವಾಪಸು ಹೋಗುತ್ತದೆ.

ಜಿಂಕೆ, ಕಡವೆ, ಕಾಡುಕುರಿಗಳ ಕೊಂಬಿಗೂ ದನ, ಕಾಟಿ, ಕೃಷ್ಣಮೃಗಗಳ ಕೊಂಬಿಗೂ ಮೂಲದಲ್ಲೇ ವ್ಯತ್ಯಾಸವಿದೆ. ದನದ ಕೊಂಬು ಮೂಳೆಯ ತಿರುಳಿನ ಮೇಲೆ ಕೂತ ಕೆರಾಟಿನ್ ಕವಚ. ಉದುರುವುದಿಲ್ಲ, ಬದುಕಿರುವವರೆಗೂ ಬೆಳೆಯುತ್ತದೆ. ಜಿಂಕೆಯದು ಪೂರ್ತಿ ಮೂಳೆ. ತಲೆಬುರುಡೆಯಿಂದ ಹೊರಟ ಎರಡು ಬುಡಗಳ ಮೇಲೆ ಬೆಳೆದು, ಬಲಿತು, ಉದುರಿ, ಮತ್ತೆ ಹೊಸದಾಗಿ ಹುಟ್ಟುತ್ತದೆ. ಬೆಳೆಯುವ ಕಾಲದಲ್ಲಿ ಅದರ ಮೇಲೆ ಮೃದು ರೋಮದ ಚರ್ಮ ಇರುತ್ತದೆ. ವೆಲ್ವೆಟ್ ಎನ್ನುವುದು ಇದನ್ನೇ. ಒಳಗೆ ರಕ್ತನಾಳ, ನರ ಎಲ್ಲ ಇದ್ದು, ಮುಟ್ಟಿದರೆ ಬೆಚ್ಚಗಿರುತ್ತದೆ. ಕಾಡು ಕಾಯುವ ವಾಚರ್‌ಗಳು ಈ ಹಂತವನ್ನು ಎಳೆಗೊಂಬು ಎನ್ನುತ್ತಾರೆ. ಚುಕ್ಕೆ ಜಿಂಕೆಯಲ್ಲಿ ಬಲಿತ ಕೊಂಬಿಗೆ ತಲಾ ಮೂರು ಮೊನೆ: ಹಣೆಯ ಮೇಲೆ ಮುಂದಕ್ಕೆ ಚಾಚಿದ ಒಂದು, ಮೇಲೆ ಕವಲೊಡೆದ ಎರಡು.

ಈ ಇಡೀ ಚಕ್ರದ ಹಿಡಿ ಇರುವುದು ವೃಷಣದಲ್ಲಿ. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಕಡಿಮೆ ಇದ್ದಾಗ ಕೊಂಬು ಬೆಳೆಯುತ್ತದೆ. ಏರಿದಾಗ ಮೂಳೆ ಗಟ್ಟಿಯಾಗಿ, ರಕ್ತಸಂಚಾರ ನಿಂತು, ವೆಲ್ವೆಟ್ ಸುಲಿದುಹೋಗುತ್ತದೆ. ಗಂಡು ಅದನ್ನು ಗಿಡಮರಗಳಿಗೆ ಉಜ್ಜಿ ತೆಗೆಯುತ್ತದೆ. ಬೆದೆಗಾಲ ಮುಗಿದು ಹಾರ್ಮೋನ್ ಮತ್ತೆ ಇಳಿದಾಗ ಬುಡದಲ್ಲಿ ಮೂಳೆ ಕರಗಿಸುವ ಕೋಶಗಳು ಕೆಲಸಕ್ಕಿಳಿದು ಕೊಂಬು ಕಳಚಿ ಬೀಳುತ್ತದೆ. ಶೀತದೇಶದ ಜಿಂಕೆಗಳಲ್ಲಿ ಇದೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನಡೆಯುತ್ತದೆ. ನಮ್ಮ ಚುಕ್ಕೆ ಜಿಂಕೆ ಅಷ್ಟು ಶಿಸ್ತಿನದಲ್ಲ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಒಂದಷ್ಟು ಎಳೆಗೊಂಬು, ಒಂದಷ್ಟು ಬಲಿತ ಕೊಂಬು ಕಾಣುತ್ತವೆ. ಆದರೂ ಈ ಸೀಮೆಯಲ್ಲಿ ಬೇಸಿಗೆಯ ಹೊತ್ತಿಗೆ ಬಹುಪಾಲು ದೊಡ್ಡ ಗಂಡುಗಳ ಕೊಂಬು ಬಲಿತಿರುತ್ತದೆ, ಬೆದೆಯ ಕೂಗು ಕೇಳುತ್ತಿರುತ್ತದೆ.

ಸಮಸ್ಯೆ

ಮಳೆಗಾಲದಲ್ಲೇ ಈ ಪ್ರಾಣಿಯನ್ನು ಕೆಲವರು ನೋಡಿದ್ದರಂತೆ. ಎಳೆಗೊಂಬು ಸ್ವಲ್ಪ ದಪ್ಪಗಿದೆ ಎನ್ನುವುದಕ್ಕಿಂತ ಹೆಚ್ಚೇನೂ ಯಾರಿಗೂ ಅನ್ನಿಸಿರಲಿಲ್ಲ. ಗಲಾಟೆಯಾದದ್ದು ಏಪ್ರಿಲ್‌ನಲ್ಲಿ. ಹಿನ್ನೀರಿನ ಬಯಲಲ್ಲಿ ಉಳಿದ ದೊಡ್ಡ ಗಂಡುಗಳಲ್ಲಿ ಹೆಚ್ಚಿನವು ಬಲಿತು ಒಣಗಿದ ಕೊಂಬು ಹೊತ್ತು ಓಡಾಡುತ್ತಿದ್ದರೆ, ಇದರ ತಲೆಯ ಮೇಲೆ ಇನ್ನೂ ವೆಲ್ವೆಟ್. ಅದೂ ಎರಡೂ ಬುಡದಿಂದ ಗಂಟುಗಂಟಾಗಿ ಉಬ್ಬಿ, ಮೊನೆ ಯಾವುದು ಕವಲು ಯಾವುದು ಎಂದು ತಿಳಿಯದ ಆಕಾರ. ಹೊಲದಿಂದ ಆಗತಾನೆ ಕಿತ್ತ ಶುಂಠಿಯನ್ನು ತಲೆಗೆ ಅಂಟಿಸಿದಂತಿತ್ತು. ಜೀಪ್ ಚಾಲಕರು ಶುಂಠಿಕೊಂಬ ಎಂದು ಹೆಸರಿಟ್ಟೂ ಆಗಿತ್ತು.

ಯಾರೋ ಸಫಾರಿಯಲ್ಲಿ ತೆಗೆದ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿ, ಅದರ ಜೊತೆ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನವೂ ಸೇರಿಕೊಂಡಿತು. ಹತ್ತಿ ಹೊಲದ ಔಷಧಿ ನೀರು ಕುಡಿದು ಹೀಗಾಗಿದೆ ಎಂದು ಒಬ್ಬರು. ಕ್ಯಾನ್ಸರ್ ಎಂದು ಇನ್ನೊಬ್ಬರು. ಒಂದೇ ಹಿಂಡಿನೊಳಗೆ ಸಂತಾನ ಬೆಳೆದು ರಕ್ತ ಕೆಟ್ಟಿದೆ ಎಂದು ಮತ್ತೊಬ್ಬರು. ಇವೆಲ್ಲಕ್ಕಿಂತ ಕಾಡಂಚಿನ ರೈತರ ಆತಂಕ ನನಗೆ ಮುಖ್ಯವಾಗಿ ಕಂಡಿತು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ದನಗಳನ್ನು ಕಾಡಿದ್ದು ಯಾರೂ ಮರೆತಿರಲಿಲ್ಲ. ಜಿಂಕೆಯ ತಲೆಯ ಮೇಲೆ ಗಂಟು ಕಂಡರೆ ಅವರ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ. "ನಮ್ ದನ ಅಲ್ಲೇ ನೀರ್ ಕುಡಿತವೆ ಸಾ. ಅಂಟ್ಕಂಡ್ರೆ ಏನ್ ಮಾಡದು?" ಎಂದು ಒಬ್ಬ ಹಿರಿಯರು ನೇರವಾಗಿ ಕೇಳಿದರು.

ವಲಯ ಅರಣ್ಯಾಧಿಕಾರಿಯ ಪ್ರಶ್ನೆ ಬೇರೆ ಇತ್ತು. "ಡಾಕ್ಟ್ರೇ, ಡಾರ್ಟ್ ಮಾಡಿ ಹಿಡಿದು ಮೈಸೂರಿಗೆ ಕಳಿಸಿಬಿಡೋಣ್ವಾ? ದಿನಕ್ಕೆ ಹತ್ತು ಫೋನ್ ಬರ್ತಿದೆ." ಡಾರ್ಟ್ ಎಂದರೆ ದೂರದಿಂದ ಅರಿವಳಿಕೆಯ ಸೂಜಿ ಹೊಡೆಯುವುದು. ಮೇಲಿನವರಿಂದಲೂ ಒತ್ತಡವಿತ್ತೆಂದು ಕಾಣುತ್ತದೆ. ಏನಾದರೂ ಮಾಡಿದಂತೆ ತೋರಬೇಕಿತ್ತು.

ಮೊದಲ ನಿರ್ಧಾರ: ಹಿಡಿಯದಿರುವುದು

ಹಿಡಿದ ಮೇಲೆ ಏನು ಮಾಡುತ್ತೇವೆ ಎಂದು ನಾನು ಅವರನ್ನೇ ಕೇಳಿದೆ. ಉತ್ತರ ಇಬ್ಬರ ಬಳಿಯೂ ಇರಲಿಲ್ಲ. ಎಳೆಗೊಂಬು ಕತ್ತರಿಸಿದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ, ನಿಲ್ಲಿಸಿದರೂ ಮತ್ತೆ ಬೆಳೆಯುತ್ತದೆ. ವೃಷಣದ ತೊಂದರೆಯೇ ಆಗಿದ್ದರೆ ಅದನ್ನು ಸರಿಮಾಡುವ ಚಿಕಿತ್ಸೆ ಕಾಡುಪ್ರಾಣಿಯಲ್ಲಿ ಇಲ್ಲ. ಮೇಲಾಗಿ ಚುಕ್ಕೆ ಜಿಂಕೆ ಹಿಡಿಯುವ ಒತ್ತಡವನ್ನು ತಡೆಯದ ಪ್ರಾಣಿ. ಬೆನ್ನಟ್ಟಿದಾಗ, ಕಟ್ಟಿದಾಗ ಸ್ನಾಯುಗಳು ಒಳಗೇ ಹಾಳಾಗಿ, ಆ ಕಸ ಮೂತ್ರಪಿಂಡವನ್ನು ಕೆಡಿಸಿ, ಗಂಟೆಗಳಲ್ಲೋ ದಿನಗಳಲ್ಲೋ ಸಾಯುತ್ತದೆ. ಕ್ಯಾಪ್ಚರ್ ಮಯೋಪತಿ ಎಂದು ವೈದ್ಯರು ಕರೆಯುವ ಈ ಸ್ಥಿತಿಗೆ ಜಿಂಕೆಗಳು ಕುಖ್ಯಾತ. ಮೇಯುತ್ತಿರುವ, ಮೆಲುಕು ಹಾಕುತ್ತಿರುವ, ಮೈಕೈ ತುಂಬಿಕೊಂಡಿರುವ ಒಂದು ಪ್ರಾಣಿಯನ್ನು ಫೋನ್ ಕರೆಗಳ ಸಲುವಾಗಿ ಅಷ್ಟು ಅಪಾಯಕ್ಕೆ ಒಡ್ಡುವುದು ಸರಿಯಲ್ಲ ಎಂದು ಲಿಖಿತವಾಗಿಯೇ ಕೊಟ್ಟೆ.

ಬರೀ ಬೇಡ ಎಂದು ಹೇಳಿ ಬಂದರೆ ಅಧಿಕಾರಿಯ ತಲೆನೋವು ಕಮ್ಮಿಯಾಗುವುದಿಲ್ಲ. ಆದ್ದರಿಂದ ಯಾವಾಗ ಮಧ್ಯಪ್ರವೇಶ ಮಾಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದೆವು. ಗಂಟು ಕಣ್ಣಿಗೆ ಅಡ್ಡ ಬಂದರೆ, ತಲೆ ತಗ್ಗಿಸಿ ಮೇಯಲಾಗದಿದ್ದರೆ, ಹಿಂಡು ಬಿಟ್ಟು ಒಂಟಿಯಾಗಿ ನೀರಿನ ಬಳಿಯೇ ಮಲಗತೊಡಗಿದರೆ ಮತ್ತೆ ಯೋಚಿಸುವುದು. ಅಲ್ಲಿಯವರೆಗೆ ನೋಡುತ್ತಿರುವುದು. ರೈತರಿಗೆ ಕೊಡಬೇಕಾದ ಉತ್ತರ ಸುಲಭವಿತ್ತು: ಚರ್ಮಗಂಟು ರೋಗದಲ್ಲಿ ಗಂಟು ಮೈತುಂಬ ಏಳುತ್ತದೆ, ಜ್ವರ ಬರುತ್ತದೆ, ಮೇವು ಬಿಡುತ್ತದೆ. ಈ ಜಿಂಕೆಯ ಮೈಮೇಲೆ ಒಂದು ಗಂಟೂ ಇಲ್ಲ. ಆ ಹಿರಿಯರಿಗೆ ಫೋನಿನಲ್ಲಿ ಜಿಂಕೆಯ ಪಕ್ಕೆ, ಕುತ್ತಿಗೆ ದೊಡ್ಡದು ಮಾಡಿ ತೋರಿಸಿದಾಗ ಒಪ್ಪಿದರು.

ನೋಡಿದ ಬಗೆ

ಅಲ್ಲಿಯವರೆಗೆ ಸಿಕ್ಕ ಫೋಟೋಗಳನ್ನೆಲ್ಲ ಕಲೆಹಾಕಿ ನೋಡಿದರೆ ಎಲ್ಲವೂ ತಲೆಯವು. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಬೆಳಕು, ವೆಲ್ವೆಟ್ಟಿನ ಒಂದೊಂದು ರೋಮವೂ ಎಣಿಸಬಹುದು. ಹೊಟ್ಟೆಯಿಂದ ಹಿಂದಕ್ಕೆ ಏನೂ ಇಲ್ಲ.

ಇಷ್ಟರಲ್ಲಿ ಒಬ್ಬ ಹವ್ಯಾಸಿ ಛಾಯಾಗ್ರಾಹಕರು ಇದು ಕೊಂಬು ಬಂದ ಹೆಣ್ಣು ಎಂದು ವಾದ ಹೂಡಿದರು. ತಳ್ಳಿಹಾಕುವ ಮಾತಲ್ಲ. ರೈನ್‌ಡಿಯರ್ ಬಿಟ್ಟರೆ ಉಳಿದ ಜಿಂಕೆ ಜಾತಿಗಳಲ್ಲಿ ಹೆಣ್ಣಿಗೆ ಕೊಂಬಿಲ್ಲವಾದರೂ, ಹಾರ್ಮೋನ್ ಏರುಪೇರಾದಾಗ ಅಪರೂಪಕ್ಕೆ ಹೆಣ್ಣಿನಲ್ಲೂ ಎಳೆಗೊಂಬು ಮೂಡುವುದುಂಟು. ಅಂಥವು ಬಲಿಯದೆ ವೆಲ್ವೆಟ್‌ನಲ್ಲೇ ಉಳಿಯುವುದೂ ಉಂಟು. ಇದು ಸದಾ ಹೆಣ್ಣುಗಳ ಗುಂಪಿನಲ್ಲೇ ಇರುತ್ತದೆ ಎಂಬುದು ಅವರ ಆಧಾರ. ವಾದ ಬಗೆಹರಿದದ್ದು ಒಂದು ಮೊಬೈಲ್ ವಿಡಿಯೋದಿಂದ. ಕಳ್ಳಬೇಟೆ ತಡೆ ಶಿಬಿರದ ವಾಚರ್ ಒಬ್ಬರು ತೆಗೆದದ್ದು, ಕೈ ನಡುಗಿ ಅರ್ಧ ಮಸುಕು. ಅದರಲ್ಲಿ ಪ್ರಾಣಿ ನಿಂತು ಉಚ್ಚೆ ಹೊಯ್ಯುತ್ತದೆ. ಧಾರೆ ಹೊಟ್ಟೆಯ ಕೆಳಗಿನಿಂದ ಮುಂದಕ್ಕೆ ಬೀಳುತ್ತದೆ. ಗಂಡೇ. ಲಕ್ಷಗಟ್ಟಲೆ ಬೆಲೆಯ ಲೆನ್ಸುಗಳು ಹೇಳದ್ದನ್ನು ಆ ವಿಡಿಯೋ ಹೇಳಿತು.

ಅದೇ ವಾಚರ್, ಜೇನುಕುರುಬ ಸಮುದಾಯದ ನಡುವಯಸ್ಸಿನವರು, ಇನ್ನೊಂದು ಮಾತು ಹೇಳಿದರು. ನನ್ನ ದೃಷ್ಟಿಯಲ್ಲಿ ಪ್ರಕರಣ ತಿರುಗಿದ್ದು ಅಲ್ಲೇ. "ಇದು ಯಾವ್ ಗಂಡಿನ್ ತಂಟೆಗೂ ಹೋಗಲ್ಲ ಸಾ. ಕೂಗಲ್ಲ. ಬೇರೆ ಗಂಡ್ ಬಂದ್ರೂ ಅದೂ ಇದ್ನ ಓಡ್ಸಲ್ಲ, ಮರಿ ಇದ್ದಂಗೆ ಬಿಟ್ಬುಡ್ತದೆ." ಬೆದೆಗಾಲದಲ್ಲಿ ಬಲಿತ ಕೊಂಬಿನ ದೊಡ್ಡ ಗಂಡು ಸುಮ್ಮನಿರುವುದಿಲ್ಲ. ಕೂಗುತ್ತದೆ, ಹಿಂಗಾಲ ಮೇಲೆ ಎದ್ದು ನಿಂತು ಕೊಂಬೆಗೆ ಮುಖ ಉಜ್ಜುತ್ತದೆ, ಎದುರಾಳಿಯ ಪಕ್ಕದಲ್ಲಿ ಬಿಗಿದು ನಡೆಯುತ್ತದೆ. ಮೈಗಾತ್ರದಲ್ಲಿ ಯಾವ ಗಂಡಿಗೂ ಕಮ್ಮಿಯಿಲ್ಲದ ಈ ಪ್ರಾಣಿಯಲ್ಲಿ ಅದಾವುದೂ ಇಲ್ಲ. ವರ್ಷವಿಡೀ ಬಲಿಯದ ಕೊಂಬು, ಬೆದೆಯಿಲ್ಲದ ನಡೆ ಎರಡನ್ನೂ ಜೊತೆಗಿಟ್ಟರೆ ಟೆಸ್ಟೋಸ್ಟಿರೋನ್ ಇಲ್ಲ ಎಂಬ ಕಡೆಗೇ ಬೆರಳು ಹೋಗುತ್ತದೆ.

ಇದು ಹೊಸ ತಿಳಿವೇನಲ್ಲ. ಬೀಜ ಒಡೆದ ಗಂಡು ಜಿಂಕೆಯ ಕೊಂಬು ಉದುರುವುದಿಲ್ಲ, ಕೊಂಬು ಬರುವ ಮುನ್ನವೇ ಒಡೆದರೆ ಕೊಂಬೇ ಬರುವುದಿಲ್ಲ ಎಂದು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಈಗ ಗೊತ್ತಿರುವ ವಿವರ ಇಷ್ಟು. ಕೊಂಬು ಬಲಿತಿರುವಾಗ ವೃಷಣ ಹೋದರೆ ಕೆಲವು ವಾರಗಳಲ್ಲಿ ಆ ಕೊಂಬು ಉದುರಿ, ಹೊಸದು ಹುಟ್ಟಿ, ಅದು ಎಂದೂ ಬಲಿಯುವುದಿಲ್ಲ. ಎಳೆಗೊಂಬಿರುವಾಗಲೇ ಹೋದರೆ ಅದೇ ಎಳೆಗೊಂಬು ಉಳಿದು ಗಂಟುಗಟ್ಟುತ್ತ ಹೋಗುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಇಂಥದ್ದನ್ನು ಬೇಟೆಗಾರರು ಪಾಪಾಸುಕಳ್ಳಿಯ ಹೆಸರಿನಿಂದ ಕರೆಯುತ್ತಾರೆ; ಯುರೋಪಿನ ರೋ ಜಿಂಕೆಯಲ್ಲಿ ಕೊಂಬು ಟೋಪನ್ನಿನಂತೆ ಕಣ್ಣಿನ ಮೇಲೆ ಇಳಿಯುವಷ್ಟು ಬೆಳೆದ ದಾಖಲೆಗಳಿವೆ. ಶೀತದೇಶದಲ್ಲಿ ಚಳಿಗಾಲದ ಹಿಮಕ್ಕೆ ಎಳೆಗೊಂಬಿನ ತುದಿ ಸತ್ತು ಮುರಿದು ಬೀಳುವುದರಿಂದ ಬೆಳವಣಿಗೆಗೆ ಒಂದು ಮಿತಿ ಇರುತ್ತದೆ. ಮೈಸೂರು ಸೀಮೆಯಲ್ಲಿ ಹಿಮ ಎಲ್ಲಿಂದ ಬರಬೇಕು? ಇಲ್ಲಿ ಮಿತಿ ಹಾಕುವುದು ನೊಣ. ಅದು ಮುಂದೆ ಬರುತ್ತದೆ.

ಹಾರ್ಮೋನ್ ಇಲ್ಲ ಎನ್ನುವುದನ್ನು ಹಿಕ್ಕೆಯಿಂದ ಅಳೆದು ಖಚಿತಪಡಿಸಿಕೊಳ್ಳಬಹುದು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ವನ್ಯಜೀವಿಗಳಿಗೆಂದೇ ಇರುವ ಲಾಕೋನ್ಸ್ ಪ್ರಯೋಗಾಲಯದವರಿಗೆ ಆ ಪರಿಣತಿ ಇದೆ. ಪ್ರಯತ್ನ ಮಾಡಿ ಕೈಬಿಟ್ಟೆವು. ಹಿಂಡಿನಲ್ಲಿ ಮೇಯುವ ಪ್ರಾಣಿಯ ಹಿಕ್ಕೆ ಇದರದ್ದೇ ಎಂದು ಹೇಳಬೇಕಾದರೆ ಅದು ಹಾಕುವುದನ್ನು ಕಣ್ಣಾರೆ ಕಂಡು ಆ ಜಾಗಕ್ಕೆ ತಕ್ಷಣ ಹೋಗಬೇಕು. ಹುಲಿ ಓಡಾಡುವ ಬಯಲಲ್ಲಿ ಜೀಪಿನಿಂದ ಇಳಿದು ಹಿಕ್ಕೆ ಆರಿಸು ಎಂದು ಯಾರಿಗೆ ಹೇಳುವುದು? ಇದರದ್ದೋ ಪಕ್ಕದ್ದೋ ಎಂಬ ಅನುಮಾನದ ಮಾದರಿ ಕಳಿಸಿ ಬರುವ ಅಂಕಿಗಿಂತ ಅಂಕಿ ಇಲ್ಲದಿರುವುದೇ ವಾಸಿ.

ಖನಿಜದ ಕೊರತೆ ಇರಬಹುದೆಂದು ಒಬ್ಬ ದಾನಿಗಳು ಉಪ್ಪು ಮತ್ತು ಖನಿಜದ ಇಟ್ಟಿಗೆಗಳನ್ನು ತಂದು ಹಿನ್ನೀರಿನ ದಡದಲ್ಲಿ ಇಡಲು ಮುಂದಾದರು. ಬೇಡವೆಂದೆವು. ಕೊಂಬು ಬೆಳೆಸಲು ಸುಣ್ಣ, ರಂಜಕ ಅಪಾರವಾಗಿ ಬೇಕು ನಿಜ. ಮೇವಿನಲ್ಲಿ ಸಾಲದಾದಾಗ ಗಂಡು ತನ್ನ ಪಕ್ಕೆಲುಬಿನಿಂದಲೇ ಸಾಲ ಪಡೆದು ಕೊಂಬಿಗೆ ಹಾಕುತ್ತದೆ, ಆಮೇಲೆ ತೀರಿಸುತ್ತದೆ. ಜಿಂಕೆಗಳು ಹಳೆಯ ಮೂಳೆ, ಉದುರಿದ ಕೊಂಬು ಕಚ್ಚಿ ಅಗಿಯುವುದನ್ನು ಕಾಡಿನಲ್ಲಿ ನೋಡಬಹುದು. ಮುಳ್ಳುಹಂದಿಯಂತೂ ಉದುರಿದ ಕೊಂಬನ್ನು ಉಳಿಸುವುದೇ ಇಲ್ಲ. ಆದರೆ ಕೊರತೆಯಿಂದ ಕೊಂಬು ಸಣ್ಣದಾಗುತ್ತದೆ, ಪೀಚಾಗುತ್ತದೆ, ಮೊನೆ ಕಡಿಮೆಯಾಗುತ್ತದೆ. ಹೀಗೆ ಉಬ್ಬುವುದಿಲ್ಲ. ಇಟ್ಟಿಗೆಯ ಸುತ್ತ ದನ, ಜಿಂಕೆ ಒಟ್ಟಾಗಿ ನೆಕ್ಕತೊಡಗಿದರೆ ಇಲ್ಲದ ಕಾಲುಬಾಯಿ ಜ್ವರವನ್ನು ನಾವೇ ಕರೆದಂತೆ.

ಇನ್ನೊಂದು ಜಿಂಕೆ

ಕೀಟನಾಶಕದ ಮಾತನ್ನು ಹಾಗೆಯೇ ಬಿಡುವಂತಿರಲಿಲ್ಲ. ಅಲಾಸ್ಕದ ಕೋಡಿಯಾಕ್ ದ್ವೀಪದಲ್ಲಿ ಸಿಟ್ಕಾ ಜಿಂಕೆಗಳ ಗಂಡುಗಳಲ್ಲಿ ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದು ಕೊಂಬು ವಿಕಾರವಾಗಿದ್ದುದನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ್ದರು. ಪರಿಸರದಲ್ಲಿನ, ಹಾರ್ಮೋನ್ ಕೆಡಿಸುವ ರಾಸಾಯನಿಕ ಇರಬಹುದೇ ಎಂಬ ಪ್ರಶ್ನೆಯನ್ನು ಅವರೇ ಎತ್ತಿದ್ದರು. ಯುರೋಪಿನಲ್ಲಿ ಕಾರ್ಖಾನೆ ಹೊಗೆಯ ಫ್ಲೋರೈಡ್ ಎಷ್ಟೆಂದು ತಿಳಿಯಲು ರೋ ಜಿಂಕೆಯ ಕೊಂಬನ್ನೇ ಅಳೆದಿದ್ದಾರೆ. ಆದರೆ ಅಂಥ ಕಡೆ ಕೆಡುವುದು ಒಂದಲ್ಲ, ಹಲವು ಪ್ರಾಣಿಗಳು. ಅದಕ್ಕೆ ಕೇಳಬೇಕಾದ ಪ್ರಶ್ನೆ ಈ ಜಿಂಕೆಗೆ ಏನಾಗಿದೆ ಎಂಬುದಲ್ಲ, ಅದೇ ನೀರು ಕುಡಿಯುವ ಉಳಿದವಕ್ಕೆ ಏನಾಗಿದೆ ಎಂಬುದು.

ವಾಚರ್‌ಗಳಿಗೂ ಜೀಪ್ ಚಾಲಕರಿಗೂ ಒಂದು ಕೆಲಸ ಹೇಳಿದೆವು: ಬಯಲಲ್ಲಿ ಕಂಡ ಪ್ರತಿ ದೊಡ್ಡ ಗಂಡಿನ ಫೋಟೋ, ಎರಡೂ ಪಕ್ಕದಿಂದ ಮತ್ತು ಹಿಂದಿನಿಂದ. ಚಾಲಕರು ನಕ್ಕರು. "ಸಾರ್, ಟೂರಿಸ್ಟ್‌ಗಳು ಹಿಂಬದಿ ಫೋಟೋ ತೆಗೀರಿ ಅಂದ್ರೆ ಬೈತಾರೆ." ಆದರೂ ಮೇ ಮುಗಿಯುವಷ್ಟರಲ್ಲಿ ಒಳ್ಳೆಯ ಸಂಗ್ರಹವಾಯಿತು. ಶುಂಠಿಕೊಂಬನನ್ನು ಬಿಟ್ಟರೆ ಉಳಿದವುಗಳ ಕೊಂಬು ಬಲಿತಿತ್ತು ಅಥವಾ ಸಹಜವಾದ ಎಳೆಗೊಂಬಾಗಿತ್ತು. ಹಿಂದಿನಿಂದ ನೋಡಿದರೆ ವೃಷಣ ಸ್ಪಷ್ಟ. ಇದರದ್ದರಲ್ಲಿ ಮಾತ್ರ ಚೀಲ ಕುಗ್ಗಿ ಮೈಗೆ ಅಂಟಿಕೊಂಡಂತಿತ್ತು. ವಿಷದ ವಾದ ಅಲ್ಲಿಗೆ ದುರ್ಬಲವಾಯಿತು.

ಹುಡುಕದೇ ಇದ್ದದ್ದೊಂದು ಆ ಸಂಗ್ರಹದಲ್ಲಿ ಸಿಕ್ಕಿತು. ಎಡಗೊಂಬು ಮೂರು ಮೊನೆಯ ಚೆಂದದ ಕೊಂಬಾಗಿದ್ದು, ಬಲಗೊಂಬು ಗೇಣುದ್ದದ ಮೊಂಡು ಕಡ್ಡಿಯಾಗಿದ್ದ ಒಂದು ಗಂಡು. ಸಫಾರಿಯವರು ಜಗಳದಲ್ಲಿ ಮುರಿದದ್ದೆಂದು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಮುರಿದ ಕೊಂಬಿನ ತುದಿ ಒಡಕಲಾಗಿರುತ್ತದೆ. ಇದರ ತುದಿ ನುಣುಪು, ಅಂದರೆ ಹಾಗೆಯೇ ಬೆಳೆದದ್ದು. ಹಿಂದಿನಿಂದ ತೆಗೆದ ಫೋಟೋ ದೊಡ್ಡದು ಮಾಡಿದಾಗ ಎಡ ಹಿಂಗಾಲಿನಲ್ಲಿ, ಮಂಡಿಯ ಕೆಳಗೆ, ಸುತ್ತಲೂ ಕೂದಲಿಲ್ಲದ ಒಂದು ಪಟ್ಟಿ ಕಂಡಿತು. ಚರ್ಮ ಒಳಕ್ಕೆ ಕಚ್ಚಿಕೊಂಡು ಗಡಿ ಬಿದ್ದಿದೆ. ಉರುಳಿನ ಗುರುತು.

ಹಿಂಗಾಲಿಗೆ ಪೆಟ್ಟಾದರೆ ಎದುರು ಬದಿಯ ಕೊಂಬು ಕೆಡುವುದು ಬಿಳಿಬಾಲದ ಜಿಂಕೆ ಮೊದಲಾದವುಗಳಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ಮುಂಗಾಲಾದರೆ ಸಾಮಾನ್ಯವಾಗಿ ಅದೇ ಬದಿಯದು. ಎಡ ಹಿಂಗಾಲು, ಬಲ ಕೊಂಬು: ಲೆಕ್ಕ ಸರಿಹೋಯಿತು. ಹೀಗೆ ಕೆಟ್ಟದ್ದು ಗಾಯ ಮಾಸಿದ ಮೇಲೂ ಮುಂದಿನ ಕೊಂಬುಗಳಲ್ಲಿ ಮರುಕಳಿಸಬಹುದು. ಎಳೆಗೊಂಬಿಗೇ ಏಟು ಬಿದ್ದಾಗ ಅದೇ ಜಾಗದಲ್ಲಿ ಮರುವರ್ಷವೂ ಹೆಚ್ಚುವರಿ ಮೊನೆ ಮೂಡುವುದನ್ನು ಕೆನಡಾದ ಬುಬೆನಿಕ್ ಎಂಬ ಇಬ್ಬರು ಸಂಶೋಧಕರು ತೋರಿಸಿದ್ದರು. ನರಮಂಡಲದಲ್ಲಿ ಕೊಂಬಿನ ನೆನಪು ಉಳಿಯುತ್ತದೆ ಎಂಬುದು ಅವರ ವಿವರಣೆ.

ಅಲ್ಲಿಗೆ ವಲಯದವರ ಗಮನ ಶುಂಠಿಕೊಂಬನಿಂದ ಬೇಲಿಸಾಲಿಗೆ ಸರಿಯಿತು. ಈ ಬದಲಾವಣೆ ಇಡೀ ಪ್ರಕರಣದ ದೊಡ್ಡ ಲಾಭ ಎಂದು ನನ್ನ ಎಣಿಕೆ. ಕಂದಕದ ಹೊರದಡದಲ್ಲಿ, ಜಿಂಕೆಯ ಕಾಲುದಾರಿ ಹೊಲಕ್ಕೆ ಇಳಿಯುವ ಜಾಗಗಳನ್ನು ವಾಚರ್‌ಗಳು ಬಗ್ಗಿ ಬಗ್ಗಿ ಹುಡುಕಿದರು. ಬೈಕಿನ ಕ್ಲಚ್ ವೈರ್‌ನಿಂದ ಮಾಡಿದ ಉರುಳುಗಳು ಸಿಕ್ಕವು. ಲಂಟಾನ ಗೂಟಕ್ಕೆ ಬಿಗಿದಿದ್ದರು, ಕೆಲವು ತುಕ್ಕು ಹಿಡಿದಿದ್ದವು, ಕೆಲವು ಹೊಸವು. ಹಂದಿಗೆಂದು ಇಟ್ಟದ್ದಿರಬಹುದು, ಜಿಂಕೆಗೇ ಇರಬಹುದು. ಚಿರತೆ, ಹುಲಿಯ ಕಾಲು ಸಿಕ್ಕಿದರೂ ವೈರ್‌ಗೆ ಗೊತ್ತಾಗುವುದಿಲ್ಲ. ಪ್ರಕರಣ ದಾಖಲಾಯಿತು. ಮುಂದಿನದು ಕಾನೂನಿನ ದಾರಿ, ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಆದದ್ದು

ಶುಂಠಿಕೊಂಬ ಆ ಮುಂಗಾರನ್ನು ದಾಟಲಿಲ್ಲ. ಮಳೆ ಹಿಡಿದ ಮೇಲೆ ಬಲಬದಿಯ ಗಂಟಿನ ವೆಲ್ವೆಟ್ ಎಲ್ಲೋ ತರಚಿ, ನೊಣ ಮೊಟ್ಟೆ ಇಟ್ಟು, ಹುಳು ಬಿದ್ದವು. ಬಲಿತ ಕೊಂಬಿಗೆ ಗೀರು ಬಿದ್ದರೆ ಏನೂ ಆಗುವುದಿಲ್ಲ; ಜೀವ ಇರುವ ಕೊಂಬಿನ ಗಾಯ ಮೈಯ ಗಾಯವೇ. ವಾಚರ್ ಫೋಟೋ ಕಳಿಸಿದ ದಿನ ಡಾರ್ಟ್ ಮಾಡುವ ಪ್ರಶ್ನೆ ಮತ್ತೆ ಎದ್ದಿತು. ನಾವೇ ಬರೆದಿಟ್ಟ ಷರತ್ತುಗಳಲ್ಲಿ ಒಂದು ಈಗ ಪೂರೈಸಿತ್ತು: ಪ್ರಾಣಿ ಹಿಂಡು ಬಿಟ್ಟಿತ್ತು. ಅನುಮತಿ ಬಂತು, ತಂಡ ಹೊರಟಿತು. ಅಷ್ಟರಲ್ಲಿ ಕಾಡಂಚಿನ ಹೊಲವೊಂದರ ಬದುವಿನ ಮೇಲೆ ಅದು ಸತ್ತು ಬಿದ್ದಿದ್ದು ಕಂಡಿತು.

ಕಾಡಿನೊಳಗೆ ಸತ್ತಿದ್ದರೆ ಬಹುಶಃ ಅಲ್ಲಿಯೇ ಬಿಡುತ್ತಿದ್ದರು. ಹೊಲದಲ್ಲಿ ಸತ್ತಿದ್ದರಿಂದ ಮಹಜರು, ಮರಣೋತ್ತರ ಪರೀಕ್ಷೆ ಎರಡೂ ಆದವು. ಗಂಟಿನ ಹುಣ್ಣು ಬುಡದವರೆಗೂ ಕೊಳೆತು ಸೋಂಕು ಮೈಗೆ ಹರಡಿತ್ತು. ಗರಗಸದಿಂದ ಕೊಯ್ದಾಗ ಹೊರಪದರದಲ್ಲಿ ಗಟ್ಟಿ ಮೂಳೆಯೇ ಇಲ್ಲ, ಒಳಗೆಲ್ಲ ರಂಧ್ರರಂಧ್ರವಾದ ಎಳೆ ಮೂಳೆ, ಅದರಿಂದ ಜಿನುಗುವ ರಕ್ತ. ಬುಡದಲ್ಲಿ ಕೊಂಬು ಕಳಚಿಕೊಳ್ಳುವ ಗೆರೆ ಮೂಡಿರಲಿಲ್ಲ. ವೃಷಣಚೀಲದ ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯದ ಕಲೆ. ಎಡ ವೃಷಣ ನಾರುಗಟ್ಟಿ ಚರ್ಮಕ್ಕೆ ಅಂಟಿಕೊಂಡಿತ್ತು, ಬಲದ್ದು ಹೆಬ್ಬೆರಳ ತುದಿಯಷ್ಟೂ ಇರಲಿಲ್ಲ. ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು: ಎರಡೂ ವೃಷಣ ಕ್ಷಯಿಸಿವೆ, ಗಂಟಿನಲ್ಲಿ ಕ್ಯಾನ್ಸರ್ ಕೋಶಗಳಿಲ್ಲ.

ವರದಿ ಬರೆಯುವಾಗ ಅಧಿಕಾರಿಗೂ ನನಗೂ ಸಣ್ಣ ಜಟಾಪಟಿಯಾಯಿತು. ಮುಳ್ಳುತಂತಿಯಿಂದ ಆದ ಗಾಯ ಎಂದು ಬರೆದುಕೊಡಿ, ಬೇಲಿ ತೆಗೆಸಲು ಅನುಕೂಲವಾಗುತ್ತದೆ ಎಂಬುದು ಅವರ ಮಾತು. ಅವರ ಉದ್ದೇಶ ಒಳ್ಳೆಯದೇ. ತಂತಿ ಹಾರುವಾಗ ಸಿಕ್ಕಿ ಹರಿದಿರುವ ಸಾಧ್ಯತೆಯೇ ಹೆಚ್ಚು ಎಂದು ನನಗೂ ಅನ್ನಿಸುತ್ತದೆ. ಆದರೆ ಇನ್ನೊಂದು ಗಂಡಿನ ಕೊಂಬು ತಿವಿದರೂ ಅಂಥ ಕಲೆ ಉಳಿಯಬಹುದು. ಮಾಸಿದ ಕಲೆ ಯಾವ ಮೊನೆಯದೆಂದು ಹೇಳುವುದಿಲ್ಲ. "ಹಳೆಯ ಪೆಟ್ಟಿನಿಂದ ಎರಡೂ ವೃಷಣ ಕ್ಷಯಿಸಿವೆ" ಎಂದಷ್ಟೇ ಬರೆದೆ. ತಲೆಯನ್ನು ಕಚೇರಿಯ ಗಾಜಿನ ಕಪಾಟಿನಲ್ಲಿ ಇಡೋಣವೆಂಬ ಆಸೆಯೂ ಕೆಲವರಿಗೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಫೋಟೋ, ಅಳತೆ, ಮಾದರಿ ತೆಗೆದುಕೊಂಡು ಉಳಿದದ್ದನ್ನು ಸಾಕ್ಷಿಗಳ ಎದುರು ಸುಟ್ಟ ದಾಖಲೆ ಮಹಜರಿನಲ್ಲಿದೆ.

ಇದರಿಂದ ಬೇರೆಯವರಿಗೆ ಉಪಯೋಗಕ್ಕೆ ಬರುವುದು

ವಿಚಿತ್ರ ಕೊಂಬು ಕಂಡಾಗ ನಾನು ಈಗ ಮೊದಲು ಕೇಳುವುದು ಒಂದೇ ಬದಿಯೋ ಎರಡೂ ಬದಿಯೋ ಎಂದು. ಒಂದೇ ಬದಿಯಾದರೆ ಪೆಟ್ಟು: ಎಳೆಗೊಂಬಿಗೆ, ಬುಡಕ್ಕೆ ಅಥವಾ ಕಾಲಿಗೆ. ಎಳೆಗೊಂಬಿನದು ಹೆಚ್ಚಾಗಿ ಆ ಸಲಕ್ಕೆ ಮುಗಿಯುತ್ತದೆ. ಬುಡವೇ ಒಡೆದಿದ್ದರೆ ಜೀವನಪೂರ್ತಿ ಉಳಿಯುತ್ತದೆ, ಕೆಲವೊಮ್ಮೆ ಅಲ್ಲಿಂದ ಕೀವು ಮಿದುಳಿಗೂ ಇಳಿಯುತ್ತದೆ. ಎರಡೂ ಬದಿ ಕೆಟ್ಟು, ಕಾಲ ಮೀರಿದರೂ ವೆಲ್ವೆಟ್ ಉಳಿದಿದ್ದರೆ ವೃಷಣ ನೋಡಬೇಕು. ಎರಡೂ ಬದಿ ಸಣ್ಣದಾಗಿ, ಬಲಿತು ಒಣಗಿದ್ದರೆ ವಯಸ್ಸು ಅಥವಾ ಮೇವು. ಮುದಿ ಗಂಡುಗಳ ಕೊಂಬು ವರ್ಷ ವರ್ಷ ಇಳಿಮುಖವಾಗುವುದು ಸಹಜ. ಒಂದೇ ಕಡೆ ಹಲವು ಪ್ರಾಣಿಗಳಲ್ಲಿ ಕಂಡರೆ ಮಾತ್ರ ನೀರು, ಔಷಧಿ, ರೋಗದ ಕಡೆ ತಿರುಗುವುದು, ಆಗ ತಡ ಮಾಡಬಾರದು.

ಕಾಲಿಗೆ ಉರುಳು ಕಚ್ಚಿದ್ದ ಗಂಡು ಇನ್ನೂ ಇದೆ. ಅದರ ಮುಂದಿನ ಕೊಂಬೂ ಬಲಗಡೆ ಗಿಡ್ಡವೇ ಬಂತು, ಮೊದಲಿಗಿಂತ ತುಸು ಉದ್ದ. ಅದೇ ಬಯಲಲ್ಲಿ ಕೂಗುತ್ತದೆ, ಜಗಳವಾಡುತ್ತದೆ.

ಬೇಲಿಯ ಮಾತುಕತೆ ಮುಗಿದಿಲ್ಲ. ಮುಳ್ಳುತಂತಿಯ ಮೇಲಿನ ಮತ್ತು ಕೆಳಗಿನ ಎಳೆಗಳನ್ನು ಮಾತ್ರ ಮುಳ್ಳಿಲ್ಲದ ನಯ ತಂತಿಗೆ ಬದಲಿಸಿದರೆ ಹಾರುವ, ನುಸುಳುವ ಪ್ರಾಣಿಗಳಿಗೆ ಗಾಯ ಕಡಿಮೆಯಾಗುತ್ತದೆ. ಜಿಂಕೆಯ ದಾರಿ ಹಾಯುವ ಕಡೆಯಲ್ಲಷ್ಟೇ ಮಾಡಿದರೂ ಸಾಕು. ಇಲಾಖೆ ತಂತಿ ಕೊಟ್ಟರೆ ಆಗಲಿ ಎಂದು ಕೆಲವರು ಒಪ್ಪಿದ್ದಾರೆ. ದನದ ವಿಷಯ ಕೇಳಿದ್ದ ಆ ಹಿರಿಯರು ಒಪ್ಪಿಲ್ಲ. "ಕೆಳಗಡೆ ಮುಳ್ ತೆಗುದ್ರೆ ಹಂದಿ ನುಗ್ಗಿ ಶುಂಠಿ ಪಾತಿನೆಲ್ಲ ಮಗ್ಚಾಕ್ತವೆ. ಅದ್ಕೆ ಯಾರ್ ಕೊಡ್ತರೆ ಸಾ ದುಡ್ಡು?" ಮೇಲಿನ ಎಳೆ ಮಾತ್ರ ಬದಲಿಸೋಣ, ಕೆಳಗಿನದು ಹಾಗೇ ಇರಲಿ ಎಂಬಲ್ಲಿಗೆ ಸದ್ಯ ಮಾತು ಬಂದು ನಿಂತಿದೆ.